ನಕ್ಷೆ ಊರಿಗೆಲ್ಲ, ಲಾಭ ಯಾರಿಗೆ? ಆರ್ಡುಯಿನೋ ಬೋರ್ಡಿನ ಪ್ರಕರಣ ಅಧ್ಯಯನ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಆರ್ಡುಯಿನೋ ಉನೋ, ಅಂದರೆ ಪ್ರೋಗ್ರಾಂ ಬರೆದು ಸೆನ್ಸರ್, ಮೋಟಾರು, ಲೈಟುಗಳನ್ನು ಆಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್, ಕೇಳಿದರೆ ಅಂಗಡಿಯವರು ಮೊದಲು ಕೇಳುವುದು ಒಂದೇ: 'ಒರಿಜಿನಲ್ಲಾ, ಕ್ಲೋನಾ?' ಒರಿಜಿನಲ್ ಬೋರ್ಡಿಗೆ ಸುಮಾರು ಎರಡು ಸಾವಿರ ರೂಪಾಯಿ. ಕ್ಲೋನಿಗೆ ಕೆಲವೇ ನೂರು. ಎರಡೂ ನೀಲಿ ಬಣ್ಣದವು, ಎರಡರಲ್ಲೂ ಅವೇ ಪಿನ್‌ಗಳು, ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲೂ ಓಡುತ್ತದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಸಾಮಾನು ಕೊಳ್ಳಲು ಬಂದ ಹುಡುಗರು ಯಾವುದನ್ನು ತಗೊಂಡು ಹೋಗುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹಾಗಂತ ಕ್ಲೋನ್ ಮಾಡಿದವರು ಕದ್ದಿಲ್ಲ. ಬೋರ್ಡಿನ ಸರ್ಕ್ಯೂಟ್ ನಕ್ಷೆ, ಪಿಸಿಬಿ ಲೇಔಟ್ ಫೈಲು (ಬೋರ್ಡಿನ ಮೇಲೆ ತಾಮ್ರದ ಗೆರೆಗಳು ಎಲ್ಲೆಲ್ಲಿ ಹೋಗಬೇಕು ಅನ್ನುವ ಫೈಲು), ಎಲ್ಲವನ್ನೂ ಕಂಪನಿಯೇ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬದಲಾಯಿಸಬಹುದು, ತಯಾರಿಸಿ ಮಾರಬಹುದು. ಓಪನ್ ಹಾರ್ಡ್‌ವೇರ್ ಅಂದರೆ ಇದೇ. ಹೀಗೆ ಮಾಡಿದ ಕಂಪನಿ ಇಪ್ಪತ್ತು ವರ್ಷ ಬದುಕಿದ್ದು ಹೇಗೆ? ಅದಕ್ಕೆ ಸಿಕ್ಕಿದ್ದೇನು, ಕೈಬಿಟ್ಟು ಹೋಗಿದ್ದೇನು? ಬೋರ್ಡಿನ ನಕ್ಷೆ ಬಿಚ್ಚಿಡಬೇಕೋ ಬೇಡವೋ ಅಂತ ಯೋಚಿಸುವ ಸಣ್ಣ ಉದ್ಯಮದವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಶುರುವಾದದ್ದು ಹೀಗೆ

ಉತ್ತರ ಇಟಲಿಯಲ್ಲಿ ಇವ್ರಿಯಾ ಅಂತ ಒಂದು ಊರಿದೆ. ಒಲಿವೆಟ್ಟಿ ಟೈಪ್‌ರೈಟರ್ ಹುಟ್ಟಿದ ಊರು ಅದು. ಅಲ್ಲಿನ ಒಂದು ಡಿಸೈನ್ ಶಾಲೆಯಲ್ಲಿ ಮಾಸ್ಸಿಮೊ ಬಾಂಝಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳು ಎಂಜಿನಿಯರುಗಳಲ್ಲ, ಡಿಸೈನರುಗಳು. ಅವರಿಗೆ ಆಗ ಸಿಗುತ್ತಿದ್ದದ್ದು ಬೇಸಿಕ್ ಸ್ಟಾಂಪ್ ಎಂಬ ಅಮೆರಿಕದ ಬೋರ್ಡ್. ಅದಕ್ಕೆ ಬೇಕಾದದ್ದೆಲ್ಲ ಸೇರಿಸಿದರೆ ನೂರು ಡಾಲರಿನ ಆಸುಪಾಸು ಆಗುತ್ತಿತ್ತು. ಅದೇ ಶಾಲೆಯ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೊ ಬರ್ರಾಗಾನ್ ತನ್ನ ಮಾಸ್ಟರ್ಸ್ ಪ್ರಬಂಧಕ್ಕಾಗಿ ವೈರಿಂಗ್ ಎಂಬ ಬೋರ್ಡನ್ನೂ ಅದರ ಸಾಫ್ಟ್‌ವೇರನ್ನೂ ಮಾಡಿದರು. ಬಾಂಝಿಯೇ ಅವರ ಮಾರ್ಗದರ್ಶಕರಲ್ಲೊಬ್ಬರು. 2005ರಲ್ಲಿ ಬಾಂಝಿ ಮತ್ತು ಡೇವಿಡ್ ಕುವಾರ್ತಿಯೆಲ್ಸ್ ಅದನ್ನೇ ಇನ್ನೂ ಅಗ್ಗದ ಚಿಪ್ಪಿಗೆ ಇಳಿಸಿದರು. ಹೆಸರು ಆರ್ಡುಯಿನೋ. ಟಾಮ್ ಐಗೋ, ಡೇವಿಡ್ ಮೆಲ್ಲಿಸ್ ಮತ್ತು ಬೋರ್ಡ್ ತಯಾರಿಸಿಕೊಡುತ್ತಿದ್ದ ಜಾನ್‌ಲುಕಾ ಮಾರ್ಟಿನೊ ಸೇರಿ ಐದು ಜನರ ತಂಡವಾಯಿತು. ಬರ್ರಾಗಾನ್‌ಗೆ ಕರೆ ಹೋಗಲಿಲ್ಲ. ಆ ಬೇಸರವನ್ನು ಅವರು 2016ರಲ್ಲಿ ವಿವರವಾಗಿ ಬರೆದು ಹಾಕಿದ್ದಾರೆ. ನಕ್ಷೆ ತೆರೆದಿಟ್ಟರೆ ಕಾನೂನು ಪ್ರಕಾರ ಯಾರೂ ಮುಂದುವರಿಸಬಹುದು, ಆದರೆ ಹೆಸರು ಬರುವುದು ಯಾರಿಗೆ ಅನ್ನುವ ಜಗಳ ಮೊದಲ ದಿನದಿಂದಲೇ ಇತ್ತು.

ಇನ್ನು, ನಕ್ಷೆಯನ್ನು ತೆರೆದಿಟ್ಟಿದ್ದು ಬರೀ ಆದರ್ಶಕ್ಕಲ್ಲ. ಆ ಶಾಲೆಗೆ ದುಡ್ಡಿನ ತೊಂದರೆ, ಮುಚ್ಚುವ ಮಾತು ನಡೆದಿತ್ತು. ಶಾಲೆ ಮುಚ್ಚಿದರೆ ಅಲ್ಲಿ ಮಾಡಿದ ಕೆಲಸ ಯಾರ ಪಾಲಾಗುತ್ತದೋ, ಯಾವ ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳುತ್ತದೋ ಎಂಬ ಭಯ. ಎಲ್ಲರಿಗೂ ಕೊಟ್ಟುಬಿಟ್ಟರೆ ಯಾರೂ ಬೀಗ ಹಾಕಲಾಗದು. ತೀರಾ ವ್ಯಾವಹಾರಿಕ ಕಾರಣ ಅದು. ಬೆಲೆ ಮೂವತ್ತು ಡಾಲರ್ ಇರಬೇಕು, ಒಂದು ಸಲ ಪಿಜ್ಜಾ ತಿಂದು ಬರುವಷ್ಟು, ಅಂತ ಗುರಿ ಇಟ್ಟುಕೊಂಡರು. ಮಿಕ್ಕ ಬೋರ್ಡುಗಳೆಲ್ಲ ಹಸಿರು, ನಮ್ಮದು ನೀಲಿ ಇರಲಿ ಅಂದರು.

ನಕ್ಷೆಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್, ಸಾಫ್ಟ್‌ವೇರಿಗೆ ಜಿಪಿಎಲ್ ಮತ್ತು ಎಲ್‌ಜಿಪಿಎಲ್. ಯಾರು ಬೇಕಾದರೂ ಬಳಸಬಹುದು, ಬದಲಾಯಿಸಿ ಹಂಚಿದವರು ತಮ್ಮದನ್ನೂ ಹಾಗೇ ತೆರೆದಿಡಬೇಕು ಅನ್ನುವ ಲೈಸೆನ್ಸುಗಳು ಇವು. ಬಿಡದೆ ಇಟ್ಟುಕೊಂಡದ್ದು ಒಂದೇ, ಆರ್ಡುಯಿನೋ ಎಂಬ ಹೆಸರು. ಬೋರ್ಡ್ ಯಾರಾದರೂ ಮಾಡಿ, ಹೆಸರು ಹಾಕಬೇಕಾದರೆ ಮಾತ್ರ ನಮ್ಮನ್ನು ಕೇಳಿ, ರಾಯಲ್ಟಿ ಕೊಡಿ. ಇಡೀ ವ್ಯಾಪಾರ ನಿಂತದ್ದು ಈ ಒಂದು ಷರತ್ತಿನ ಮೇಲೆ.

ತೆರೆದಿಟ್ಟದ್ದರಿಂದ ಬಂದದ್ದು

ಉನೋ ಬೋರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಅಂಚಿನಲ್ಲಿ 0ರಿಂದ 13ರವರೆಗೆ ಪಿನ್‌ಗಳ ಸಾಲು. ಅಕ್ಕಪಕ್ಕದ ಪಿನ್‌ಗಳ ನಡುವೆ 0.1 ಇಂಚು ಅಂತರ. ಆದರೆ 7ನೇ ಮತ್ತು 8ನೇ ಪಿನ್ ನಡುವೆ ಮಾತ್ರ 0.16 ಇಂಚು. ಮಾಮೂಲಿ ತೂತಿನ ಬೋರ್ಡ್ ತಂದು ಇದರ ಮೇಲೆ ಕೂರಿಸಲು ಹೋದರೆ ಕೂರುವುದಿಲ್ಲ, ಪಿನ್ ಬಗ್ಗಿಸಬೇಕು. ಇದರ ಹಿಂದೆ ಯಾವ ಎಂಜಿನಿಯರಿಂಗ್ ಕಾರಣವೂ ಇಲ್ಲ. ಮೊದಲ ಲೇಔಟ್ ಅವಸರದಲ್ಲಿ ಮಾಡಿದಾಗ ಆದ ತಪ್ಪು. ಗೊತ್ತಾಗುವ ಹೊತ್ತಿಗೆ ಬೋರ್ಡುಗಳು ಹೊರಗೆ ಹೋಗಿದ್ದವು, ಅವುಗಳ ಮೇಲೆ ಕೂರುವ ಹೆಚ್ಚುವರಿ ಬೋರ್ಡುಗಳನ್ನು, ಅಂದರೆ ಷೀಲ್ಡುಗಳನ್ನು, ಬೇರೆಯವರು ಮಾಡಿದ್ದರು. ತಿದ್ದಿದರೆ ಅವೆಲ್ಲ ವೇಸ್ಟ್. ಹಾಗೇ ಬಿಟ್ಟರು. ಇವತ್ತು ಶೆಂಝೆನ್‌ನಲ್ಲಿ ತಯಾರಾಗುವ ಕ್ಲೋನಿನಲ್ಲೂ ಆ ತಪ್ಪು ಅಷ್ಟೇ ನಿಖರವಾಗಿ ಇದೆ, ಬೇರೆ ದೊಡ್ಡ ಕಂಪನಿಗಳು ಉನೋಗೆ ಹೊಂದುವಂತೆ ಮಾಡುವ ಬೋರ್ಡುಗಳಲ್ಲೂ ಇದೆ.

ಒಂದು ಸಣ್ಣ ಕಂಪನಿಯ ತಪ್ಪು ಜಗತ್ತಿಗೆಲ್ಲ ಸ್ಟ್ಯಾಂಡರ್ಡ್ ಆಗಿ ಕೂತಿತು. ಮುಚ್ಚಿಟ್ಟ ನಕ್ಷೆಗೆ ಈ ಭಾಗ್ಯ ಇರುತ್ತಿರಲಿಲ್ಲ. ಮೋಟಾರ್ ಓಡಿಸುವ ಷೀಲ್ಡ್, ಈಥರ್ನೆಟ್ ಷೀಲ್ಡ್, ಜಿಪಿಎಸ್ ಷೀಲ್ಡ್ ಅಂತ ನೂರಾರು ತಯಾರಕರು ಇದಕ್ಕೆ ಜೋಡಿಸುವ ಸಾಮಾನು ಮಾಡಿದರು. ಅವರಿಗೆ ಆರ್ಡುಯಿನೋ ಒಂದು ಪೈಸೆ ಕೊಡಲಿಲ್ಲ. ಅವರೆಲ್ಲ ತಮ್ಮ ವ್ಯಾಪಾರಕ್ಕೆ ಮಾಡಿದ್ದೇ ಇವರಿಗೆ ಪ್ರಚಾರವಾಯಿತು. ಬಟ್ಟೆಗೆ ಹೊಲಿಯುವ ಲಿಲಿಪ್ಯಾಡ್ ಬೋರ್ಡ್ ಹೊರಗಿನವರಾದ ಲಿಯಾ ಬ್ಯುಕ್ಲಿ ಅವರ ಕೆಲಸ. ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಇಳಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರಿಗೆ ಬೂಟ್‌ಲೋಡರ್ ಅನ್ನುತ್ತಾರೆ. ಉನೋದಲ್ಲಿರುವ ಬೂಟ್‌ಲೋಡರ್ ಆಪ್ಟಿಬೂಟ್ ಕೂಡ ಹೊರಗಿನವರು ಬರೆದದ್ದು. ಹಳೆಯದು ಚಿಪ್ಪಿನ 32 ಕಿಲೋಬೈಟ್ ಜಾಗದಲ್ಲಿ 2 ಕಿಲೋಬೈಟ್ ತಿನ್ನುತ್ತಿತ್ತು. ಇದು ಅರ್ಧ ಕಿಲೋಬೈಟಿನಲ್ಲಿ ಮುಗಿಸುತ್ತದೆ. ಕಂಪನಿ ಅದನ್ನು ತೆಗೆದುಕೊಂಡು ಒರಿಜಿನಲ್ ಬೋರ್ಡಿಗೇ ಹಾಕಿತು. ರೆಪ್‌ರ್‍ಯಾಪ್ ಬಳಗದ 3ಡಿ ಪ್ರಿಂಟರುಗಳು ಆರ್ಡುಯಿನೋ ಮೆಗಾ ಮೇಲೆ ಓಡಿದವು. ಡ್ರೋನ್ ಹಾರಿಸುವ ಆರ್ಡುಪೈಲಟ್ ಹುಟ್ಟಿದ್ದೂ ಇಲ್ಲೇ.

ಇದಕ್ಕಿಂತ ದೊಡ್ಡ ಲಾಭ ಪಾಠ ಮಾಡುವವರಿಂದ ಬಂತು. ಬೋರ್ಡ್ ಅಗ್ಗ, ನಕ್ಷೆ ಕಣ್ಣೆದುರಿಗಿದೆ, ಉದಾಹರಣೆ ಪ್ರೋಗ್ರಾಂಗಳು ಬೇಕಾದಷ್ಟಿವೆ. ಹಾಗಾಗಿ ಕಾಲೇಜುಗಳು ಇದನ್ನೇ ಹಿಡಿದವು. ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೀರಿನ ಟ್ಯಾಂಕ್ ಲೆವೆಲ್, ಗ್ಯಾಸ್ ಸೋರಿಕೆ ಅಲಾರಂ, ತೋಟಕ್ಕೆ ತಾನಾಗಿ ನೀರು ಬಿಡುವ ಪಂಪು, ಇಂಥ ಪ್ರಾಜೆಕ್ಟುಗಳ ಒಳಗೆ ಇಣುಕಿದರೆ ಬಹಳ ಸಲ ಇದೇ ನೀಲಿ ಬೋರ್ಡ್ ಕಾಣುತ್ತದೆ. 2011ರ ಹೊತ್ತಿಗೆ ಅಧಿಕೃತ ಬೋರ್ಡುಗಳೇ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಮಾರಾಟವಾಗಿದ್ದವು. 2013ರಲ್ಲಿ ಕುವಾರ್ತಿಯೆಲ್ಸ್ ಕೊಟ್ಟ ಅಂದಾಜು ಏಳು ಲಕ್ಷ. ಪ್ರತಿ ಅಧಿಕೃತ ಬೋರ್ಡಿಗೆ ಕಡೇಪಕ್ಷ ಒಂದು ಕ್ಲೋನ್ ಇರಬಹುದು ಅಂತಲೂ ಅವರು ಹೇಳಿದ್ದರು.

ಕ್ಲೋನ್ ಬೇರೆ, ನಕಲಿ ಬೇರೆ

2013ರಲ್ಲಿ ಬಾಂಝಿ ಒಂದು ಗೆರೆ ಎಳೆದರು. ನಮ್ಮ ನಕ್ಷೆಯಿಂದ ಬೋರ್ಡ್ ಮಾಡಿ ಸ್ವಂತ ಹೆಸರಿನಲ್ಲಿ ಮಾರುವುದು ಕ್ಲೋನ್, ಅದಕ್ಕೆ ಅಡ್ಡಿಯಿಲ್ಲ. ಏನಾದರೂ ಹೊಸತು ಸೇರಿಸಿ ಮಾಡಿದ್ದಾದರೆ ಇನ್ನೂ ಒಳ್ಳೆಯದು. ಆದರೆ ನಮ್ಮ ಹೆಸರು, ಲೋಗೋ ಅಚ್ಚು ಹಾಕಿ ಮಾರಿದರೆ ನಕಲಿ. ನಕಲಿ ಗುರುತಿಸುವುದು ಹೇಗೆ ಅಂತ ಕಂಪನಿ ಚಿತ್ರ ಸಮೇತ ತೋರಿಸಿತು. ಯುಎಸ್‌ಬಿ ಕನೆಕ್ಟರ್ ಪಕ್ಕದಲ್ಲಿ ಒಂದು ಪುಟ್ಟ ಫ್ಯೂಸ್ ಇದೆ. ಒರಿಜಿನಲ್‌ನಲ್ಲಿ ಅದು ಕಪ್ಪು ಮತ್ತು ಬಂಗಾರದ ಬಣ್ಣ, ನಕಲಿಯಲ್ಲಿ ಹಸಿರು. ಹಿಂಬದಿಯ ಇಟಲಿ ನಕ್ಷೆಯ ಗೆರೆ ನಕಲಿಯಲ್ಲಿ ಒರಟು. ಯುಎಸ್‌ಬಿ ಕೆಲಸಕ್ಕೆ ಒರಿಜಿನಲ್ ಉನೋ ಆರ್3ರಲ್ಲಿ ಎಟಿಮೆಗಾ16ಯು2 ಚಿಪ್ ಇರುತ್ತದೆ. ಅಗ್ಗದ ಕ್ಲೋನುಗಳಲ್ಲಿ ಹೆಚ್ಚಾಗಿ ಚೀನಾದ ಸಿಎಚ್340. ಅದಕ್ಕೆ ಎಷ್ಟೋ ಸಲ ಡ್ರೈವರ್ ಬೇರೆ ಹಾಕಬೇಕು. ಲ್ಯಾಬಿನಲ್ಲಿ ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ.

ಕಂಪನಿ ಹೆಸರಿನ ಮೇಲೆ ಇಷ್ಟು ಒತ್ತು ಕೊಟ್ಟದ್ದಕ್ಕೆ ಕಾನೂನಿನ ಕಾರಣವಿದೆ. ಸಾಫ್ಟ್‌ವೇರ್ ಎಂಬುದು ಬರಹ, ಹಾಗಾಗಿ ಕಾಪಿರೈಟ್ ಅದನ್ನು ಪೂರ್ತಿ ಹಿಡಿಯುತ್ತದೆ. ಹಾರ್ಡ್‌ವೇರಿನಲ್ಲಿ ಕಾಪಿರೈಟ್ ಹಿಡಿಯುವುದು ನಕ್ಷೆಯ ಫೈಲನ್ನು ಮಾತ್ರ. ಆ ನಕ್ಷೆ ನೋಡಿಕೊಂಡು ಮಾಡಿದ ಬೋರ್ಡಿನ ಮೇಲೆ ಅದರ ಹಿಡಿತ ಬಹಳ ಸಡಿಲ. ಭಾರತದಲ್ಲಂತೂ ಕಾಪಿರೈಟ್ ಕಾಯ್ದೆಯ 52(1)(ಡಬ್ಲ್ಯೂ) ಅಂತ ಒಂದು ಕಲಮು 2012ರ ತಿದ್ದುಪಡಿಯಲ್ಲಿ ಸೇರಿಕೊಂಡಿದೆ. ತಾಂತ್ರಿಕ ನಕ್ಷೆಯಿಂದ ಬರೀ ಕೆಲಸಕ್ಕೆ ಬರುವಂಥ ಭಾಗವನ್ನು ಕೈಗಾರಿಕೆಗಾಗಿ ತಯಾರಿಸಿದರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ ಅನ್ನುತ್ತದೆ ಅದು. ಅಂದರೆ 'ನನ್ನ ನಕ್ಷೆ ಬದಲಾಯಿಸಿದವರು ತಮ್ಮದನ್ನೂ ತೆರೆದಿಡಬೇಕು' ಎಂಬ ಷರತ್ತಿಗೆ ಸಾಫ್ಟ್‌ವೇರಿನಲ್ಲಿ ಇರುವ ಬಲ ಬೋರ್ಡಿನಲ್ಲಿ ಇಲ್ಲ. ಪೇಟೆಂಟ್ ಇಲ್ಲದವರ ಕೈಯಲ್ಲಿ ಗಟ್ಟಿಯಾಗಿ ಉಳಿಯುವುದು ಟ್ರೇಡ್‌ಮಾರ್ಕ್ ಒಂದೇ.

ಮನೆಯೊಳಗಿನ ಜಗಳ

ಆ ಒಂದೇ ಆಸ್ತಿಯ ಮೇಲೆ ಕಂಪನಿಯವರೇ ಹೊಡೆದಾಡಿಕೊಂಡರು. ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಭಾಗ ಇದು.

2008ರಲ್ಲಿ ಐದೂ ಜನ ಸೇರಿ ಅಮೆರಿಕದಲ್ಲಿ ಆರ್ಡುಯಿನೋ ಎಲ್‌ಎಲ್‌ಸಿ ಕಂಪನಿ ಮಾಡಿದರು, ಹೆಸರಿನ ಹಕ್ಕು ಅದರ ಹತ್ತಿರ ಇರಲಿ ಅಂತ. ಬೋರ್ಡ್ ತಯಾರಿಸುತ್ತಿದ್ದದ್ದು ಮಾರ್ಟಿನೊ ಅವರ ಸ್ಮಾರ್ಟ್ ಪ್ರಾಜೆಕ್ಟ್ಸ್. ಅದು ಇವ್ರಿಯಾದ ಪಕ್ಕದಲ್ಲೇ, ಬೇರೆಯೇ ಕಂಪನಿ. ಪ್ರತಿ ಬೋರ್ಡಿಗೆ ಎಲ್‌ಎಲ್‌ಸಿಗೆ ರಾಯಲ್ಟಿ ಹೋಗುತ್ತಿತ್ತು. ಆದರೆ ಅದೇ 2008ರ ಕೊನೆಯಲ್ಲಿ ಸ್ಮಾರ್ಟ್ ಪ್ರಾಜೆಕ್ಟ್ಸ್ ಇಟಲಿಯಲ್ಲಿ ಆರ್ಡುಯಿನೋ ಹೆಸರಿನ ಟ್ರೇಡ್‌ಮಾರ್ಕಿಗೆ ತನ್ನದೇ ಅರ್ಜಿ ಹಾಕಿತು. ತಮಗೆ ಹೇಳದೆ ಹಾಕಿದ್ದು ಅಂತ ಉಳಿದ ನಾಲ್ವರ ದೂರು.

ವರ್ಷಗಟ್ಟಲೆ ಒಳಗೊಳಗೇ ಮಾತುಕತೆ ನಡೆದು ಮುರಿದುಬಿತ್ತು. ರಾಯಲ್ಟಿ ನಿಂತಿತು. ಸ್ಮಾರ್ಟ್ ಪ್ರಾಜೆಕ್ಟ್ಸ್ ತನ್ನ ಹೆಸರನ್ನೇ ಆರ್ಡುಯಿನೋ ಎಸ್‌ಆರ್‌ಎಲ್ ಅಂತ ಬದಲಾಯಿಸಿಕೊಂಡಿತು. 2015ರ ಜನವರಿಯಲ್ಲಿ ವಿಷಯ ಮ್ಯಾಸಚೂಸೆಟ್ಸ್ ಕೋರ್ಟಿಗೆ ಹೋಯಿತು. ಆಗ ನೋಡಬೇಕಿತ್ತು ಗೊಂದಲ. ಎಲ್‌ಎಲ್‌ಸಿಯ ವೆಬ್‌ಸೈಟ್ ಆರ್ಡುಯಿನೋ ಡಾಟ್ ಸಿಸಿ ಒಂದು ಕಡೆ, ಎಸ್‌ಆರ್‌ಎಲ್‌ನ ಆರ್ಡುಯಿನೋ ಡಾಟ್ ಆರ್ಗ್ ಇನ್ನೊಂದು ಕಡೆ. ಮೂಲ ತಂಡದ ಸಾಫ್ಟ್‌ವೇರ್ 1.6 ಆವೃತ್ತಿಯಲ್ಲಿದ್ದಾಗ ಎಸ್‌ಆರ್‌ಎಲ್ ಅದರದೇ ಕವಲು ತೆಗೆದು 1.7 ಅಂತ ನಂಬರ್ ಹಾಕಿ ಬಿಟ್ಟಿತು. ನಂಬರ್ ನೋಡಿದ ವಿದ್ಯಾರ್ಥಿ 1.7 ಹೊಸದು ಅಂದುಕೊಂಡು ಅದನ್ನೇ ಹಾಕಿಕೊಳ್ಳುತ್ತಿದ್ದ. ಕೋಡ್ ಓಪನ್ ಇದ್ದದ್ದರಿಂದ ಕವಲು ತೆಗೆಯುವುದನ್ನು ಯಾರೂ ತಡೆಯುವಂತಿರಲಿಲ್ಲ. ನಕ್ಷೆಯೂ ಅಷ್ಟೇ. ಎರಡೂ ಕಡೆಯವರ ಹತ್ತಿರ ಎಲ್ಲವೂ ಇತ್ತು. ಇಲ್ಲದ್ದು ಆ ಹೆಸರಿನ ಮೇಲೆ ಪ್ರಶ್ನೆಯಿಲ್ಲದ ಹಕ್ಕು.

2015ರ ಮೇ ತಿಂಗಳಲ್ಲಿ ಬಾಂಝಿ ಕಡೆಯವರು ಅಮೆರಿಕದ ಹೊರಗೆ ಜೆನ್ಯುಯಿನೊ ಎಂಬ ಹೊಸ ಹೆಸರಿನಲ್ಲಿ ಮಾರುವುದಾಗಿ ಪ್ರಕಟಿಸಿದರು. ಹತ್ತು ವರ್ಷ ಬೆಳೆಸಿದ ಹೆಸರನ್ನು ಜಗತ್ತಿನ ಬಹುಪಾಲು ಕಡೆ ಬಿಟ್ಟುಕೊಟ್ಟು ಶುರುವಿನಿಂದ ಶುರು ಮಾಡುವುದು ಅಂದರೆ ಸುಮ್ನೆ ಮಾತಲ್ಲ. ತಯಾರಿಕೆಗೆ ನ್ಯೂಯಾರ್ಕಿನ ಏಡಾಫ್ರೂಟ್, ಚೀನಾದ ಸೀಡ್ ಸ್ಟುಡಿಯೊ ಮುಂದೆ ಬಂದವು. ಇಬ್ಬರೂ ವರ್ಷಗಳಿಂದ ಆರ್ಡುಯಿನೋಗೆ ಹೊಂದುವ ಬೋರ್ಡುಗಳನ್ನು ಮಾಡುತ್ತಿದ್ದವರು, ನಕ್ಷೆ ಅವರಿಗೆ ಹೊಸದಲ್ಲ. ತೆರೆದ ವಿನ್ಯಾಸದ ಈ ಪ್ರಯೋಜನವನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ. ಇದ್ದ ಒಬ್ಬ ತಯಾರಕ ಕೈಕೊಟ್ಟಾಗ ಪಳಗಿದ ಕೈಗಳು ಹೊರಗೆ ರೆಡಿ ಇರುತ್ತವೆ.

2016ರ ಅಕ್ಟೋಬರಿನಲ್ಲಿ ರಾಜಿಯಾಯಿತು. 2017ರಲ್ಲಿ ಬಾಂಝಿ, ಕುವಾರ್ತಿಯೆಲ್ಸ್, ಮೆಲ್ಲಿಸ್, ಐಗೋ ನಾಲ್ವರ ಬಿಸಿಎಂಐ ಕಂಪನಿ ಆರ್ಡುಯಿನೋದ ಪೂರ್ತಿ ಪಾಲು ಕೊಂಡಿತು. ಆದರೆ ಆ ಎರಡು ವರ್ಷಗಳು ಬಹಳ ತುಟ್ಟಿ ಬಿದ್ದವು. ಯಾಕೆ ಅನ್ನುವುದು ಮುಂದಿದೆ.

ದುಡ್ಡು ಎಲ್ಲಿಗೆ ಹೋಯಿತು

ಚೀನಾದ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ಚಿಪ್ ಅದೇ ಹೊತ್ತಿಗೆ ಬಂತು. ವೈಫೈ ಒಳಗೇ ಇದೆ, ಉನೋಗಿಂತ ವೇಗ, ಬೆಲೆಯಂತೂ ಕೇಳಲೇಬೇಡಿ. 2015ರಲ್ಲಿ ಆಸಕ್ತರು ಸೇರಿ ಅದನ್ನು ಆರ್ಡುಯಿನೋ ಸಾಫ್ಟ್‌ವೇರಿನಿಂದಲೇ ಪ್ರೋಗ್ರಾಂ ಮಾಡುವಂತೆ ಮಾಡಿದರು. ಕಲಿತ ಭಾಷೆ ಅದೇ, ಪರದೆ ಅದೇ, ಬೋರ್ಡ್ ಮಾತ್ರ ಬೇರೆ. ನಮ್ಮ ಹುಡುಗರು ನೋಡ್‌ಎಂಸಿಯು ಅಂತ ಕೇಳಿ ಕೊಳ್ಳುವ ಬೋರ್ಡಿನಲ್ಲಿ ಇರುವುದು ಇದೇ ಚಿಪ್. ಆರ್ಡುಯಿನೋ ಕಲಿಸಿಕೊಟ್ಟ ಗಿರಾಕಿ ದುಡ್ಡು ಕೊಟ್ಟದ್ದು ಎಸ್‌ಪ್ರೆಸಿಫ್‌ಗೆ. ಮೂಲ ತಂಡ ಆಗ ಕೋರ್ಟಿನಲ್ಲಿತ್ತು. ಆಮೇಲೆ 2023ರಲ್ಲಿ ಬಂದ ಉನೋ ಆರ್4 ವೈಫೈ ಬೋರ್ಡಿನಲ್ಲಿ ಎಸ್‌ಪ್ರೆಸಿಫ್‌ನದೇ ಚಿಪ್ ಕೂತಿದೆ.

ಕ್ಲೋನುಗಳಿಂದ ನಷ್ಟವಾಯಿತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಐನೂರು ರೂಪಾಯಿ ಒಳಗೆ ಕ್ಲೋನ್ ಕೊಂಡ ಹುಡುಗ ಎರಡು ಸಾವಿರ ಕೊಟ್ಟು ಒರಿಜಿನಲ್ ಕೊಳ್ಳುತ್ತಿದ್ದನೇ? ಬಹುಶಃ ಇಲ್ಲ. ನೋಡಬೇಕಾದದ್ದು ಬೋರ್ಡಿನ ಮಧ್ಯದಲ್ಲಿ ಕೂತ ಕಪ್ಪು ಚಿಪ್ಪನ್ನು. ಉನೋ ಓಪನ್ ಹಾರ್ಡ್‌ವೇರ್ ಅನ್ನುತ್ತೇವೆ, ಆದರೆ ಅದರ ಎಟಿಮೆಗಾ328ಪಿ ಚಿಪ್ಪಿನ ಒಳಗಿನ ನಕ್ಷೆ ಎಂದೂ ಓಪನ್ ಆಗಿರಲಿಲ್ಲ. ಅದು ಅಟ್ಮೆಲ್ ಕಂಪನಿಯದು, 2016ರಿಂದ ಮೈಕ್ರೋಚಿಪ್‌ನದು. ಒರಿಜಿನಲ್ ಮಾರಾಟವಾದರೂ ಒಂದು ಚಿಪ್ ಖರ್ಚಾಗುತ್ತದೆ, ಕ್ಲೋನ್ ಮಾರಾಟವಾದರೂ ಖರ್ಚಾಗುತ್ತದೆ. ಬೋರ್ಡಿನ ಬೆಲೆ ಬಿದ್ದಷ್ಟೂ ಚಿಪ್ ಜಾಸ್ತಿ ಹೋಗುತ್ತದೆ. ಜಾತ್ರೆಯಲ್ಲಿ ತೇರು ಎಳೆದವರು ಊರಿನವರಾದರೂ ವ್ಯಾಪಾರ ಕುದುರುವುದು ಬೀದಿಬದಿಯ ಅಂಗಡಿಗೆ ತಾನೆ?

ಹೀಗೆ ನೋಡಿದರೆ ಆಮೇಲಿನ ಕತೆ ತಾನಾಗಿ ಅರ್ಥವಾಗುತ್ತದೆ. 2022ರಲ್ಲಿ ಆರ್ಡುಯಿನೋಗೆ 3.2 ಕೋಟಿ ಡಾಲರ್ ಬಂಡವಾಳ ಬಂತು. ಹಾಕಿದವರಲ್ಲಿ ಬಾಷ್‌ನ ಬಂಡವಾಳ ವಿಭಾಗ, ಚಿಪ್ ತಯಾರಿಸುವ ರೆನೆಸಾಸ್ ಮತ್ತು ಚಿಪ್ಪಿನೊಳಗಿನ ಪ್ರೊಸೆಸರ್ ವಿನ್ಯಾಸ ಮಾಡುವ ಆರ್ಮ್ ಇದ್ದವು. ಮರುವರ್ಷ ಬಂದ ಉನೋ ಆರ್4ರಲ್ಲಿ ಹಳೆಯ ಅಟ್ಮೆಲ್ ಚಿಪ್ ಹೋಗಿ ರೆನೆಸಾಸ್ ಚಿಪ್ ಬಂದಿತ್ತು, ಅದರ ಒಳಗೆ ಆರ್ಮ್ ಕಾರ್ಟೆಕ್ಸ್-ಎಂ4. ಕಾರ್ಖಾನೆಗಳಿಗಾಗಿ 2020ರಲ್ಲಿ ಶುರುಮಾಡಿದ ಪೋರ್ಟೆಂಟಾದಂಥ ದುಬಾರಿ ಬೋರ್ಡುಗಳಿಗೆ ಉನೋಗೆ ಕೊಟ್ಟಂಥ ಪೂರ್ತಿ ಲೇಔಟ್ ಫೈಲು ಕೊಡಲಿಲ್ಲ. ಹಳೆಯ ಬಳಗದವರಿಂದ ಅದಕ್ಕೆ ಟೀಕೆಯೂ ಬಂತು. ನಾನು ಅದನ್ನು ದೊಡ್ಡ ದ್ರೋಹ ಅನ್ನಲಾರೆ. ಕಲಿಯುವವರ ಬೋರ್ಡನ್ನು ತೆರೆದಿಟ್ಟು, ಕಾರ್ಖಾನೆಗೆ ಮಾರುವುದನ್ನು ಮುಚ್ಚಿಟ್ಟರು. ಸಂಬಳ ಕೊಡಬೇಕಾದ ಯಾರೂ ಒಂದಲ್ಲ ಒಂದು ದಿನ ಈ ಗೆರೆ ಎಳೆಯುತ್ತಾರೆ. ತಕರಾರು ಇರಬೇಕಾದದ್ದು ಗೆರೆಯನ್ನು ಮುಂಚೆಯೇ ಸ್ಪಷ್ಟವಾಗಿ ಹೇಳಲಿಲ್ಲ ಅನ್ನುವುದಕ್ಕೆ.

2025ರ ಅಕ್ಟೋಬರಿನಲ್ಲಿ ಮೊಬೈಲ್ ಚಿಪ್ಪುಗಳ ಕ್ವಾಲ್‌ಕಾಮ್ ಕಂಪನಿ ಆರ್ಡುಯಿನೋವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅದೇ ದಿನ ಕ್ವಾಲ್‌ಕಾಮ್ ಚಿಪ್ ಇರುವ ಉನೋ ಕ್ಯೂ ಬೋರ್ಡನ್ನೂ ತೋರಿಸಿದರು. ಹಳೆಯ ಉನೋ ನಕ್ಷೆ ಬೇಕಿದ್ದರೆ ಕ್ವಾಲ್‌ಕಾಮ್ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಿತ್ತು. ಅದು ದುಡ್ಡು ಕೊಡಲು ಹೊರಟದ್ದು ಹೆಸರಿಗೆ, ಮತ್ತು ಪ್ರಕಟಣೆಯಲ್ಲೇ ಹೇಳಿಕೊಂಡ 3.3 ಕೋಟಿಗೂ ಮೀರಿದ ಬಳಕೆದಾರರಿಗೆ.

ಪೀಣ್ಯದಲ್ಲಿ ಕೂತು ಓದುವವರಿಗೆ

ಪಂಪ್‌ಸೆಟ್ ಕಂಟ್ರೋಲರ್ರೋ ಹಾಲಿನ ಡೇರಿಗೆ ಬೇಕಾದ ಸೆನ್ಸರ್ ಬೋರ್ಡೋ ಮಾಡುವ ಹತ್ತು ಜನರ ಕಂಪನಿ ನಕ್ಷೆ ತೆರೆದಿಡಬೇಕೇ? ಆ ಬೋರ್ಡಿನ ಮೇಲೆ ಬೇರೆಯವರು ಏನಾದರೂ ಕಟ್ಟುವಂತಿದ್ದರೆ ಹೌದು. ಯಾರೂ ಏನೂ ಕಟ್ಟುವುದಿಲ್ಲ, ಗಿರಾಕಿ ತಂದು ಗೋಡೆಗೆ ಹೊಡೆದು ಮರೆತುಬಿಡುತ್ತಾನೆ ಅಂತಾದರೆ ತೆರೆದಿಟ್ಟು ಸಿಗುವುದು ಕಡಿಮೆ. ಆಗಲೂ ಸರ್ಕ್ಯೂಟ್ ನಕ್ಷೆಯ ಪಿಡಿಎಫ್ ಕೊಟ್ಟರೆ ಹಳ್ಳಿಯ ರಿಪೇರಿಯವನಿಗೆ ಅನುಕೂಲ, ನಿಮಗೆ ಸರ್ವಿಸ್ ಕರೆ ಕಡಿಮೆ. ಕನೆಕ್ಟರಿನ ಅಳತೆ, ಪಿನ್‌ಗಳ ಜೋಡಣೆ, ಡೇಟಾ ಬರುವ ರೀತಿ, ಇವನ್ನಂತೂ ಧಾರಾಳವಾಗಿ ಕೊಡಿ.

ಟ್ರೇಡ್‌ಮಾರ್ಕ್ ಅರ್ಜಿ ಅದಕ್ಕೂ ಮುಂಚೆ ಆಗಬೇಕು. ಎಲೆಕ್ಟ್ರಾನಿಕ್ಸ್ ಸಾಮಾನು 9ನೇ ವರ್ಗಕ್ಕೆ ಸೇರುತ್ತದೆ. ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಹಾಕಿದರೆ ವರ್ಗವೊಂದಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಅರ್ಜಿ ಯಾವ ಪಾಲುದಾರನ ಹೆಸರಿನಲ್ಲೂ ಇರದೆ ಕಂಪನಿಯ ಹೆಸರಿನಲ್ಲೇ ಇರಲಿ. ಬೋರ್ಡ್ ಜೋಡಿಸಿಕೊಡುವವರು ಎಷ್ಟೇ ಹತ್ತಿರದ ಸ್ನೇಹಿತರಾದರೂ, ಯಾವ ದೇಶದಲ್ಲೂ ಆ ಹೆಸರಿಗೆ ಅರ್ಜಿ ಹಾಕುವಂತಿಲ್ಲ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಇವ್ರಿಯಾದವರು ಎಡವಿದ್ದು ಅಲ್ಲೇ.

ಇನ್ನು ಟೆಸ್ಟ್ ಜಿಗ್. ತಯಾರಾದ ಪ್ರತಿ ಬೋರ್ಡನ್ನೂ ಸ್ಪ್ರಿಂಗ್ ಪಿನ್‌ಗಳ ಮೇಲೆ ಒತ್ತಿ, ವೋಲ್ಟೇಜು, ಪ್ರತಿ ಪಿನ್ನು, ಯುಎಸ್‌ಬಿ ಎಲ್ಲ ಸರಿ ಇದೆಯಾ ಅಂತ ನಿಮಿಷದೊಳಗೆ ನೋಡಿಬಿಡುವ ಸಾಧನ ಅದು. ಅಗ್ಗದ ಕ್ಲೋನ್ ಮಾಡುವವರು ಬೆಲೆ ಇಳಿಸಲು ಮೊದಲು ಕೈಬಿಡುವುದು ಈ ಪರೀಕ್ಷೆಯನ್ನೇ. ಬೋರ್ಡಿನ ನಕ್ಷೆ ಕೊಡಿ, ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ) ಕೊಡಿ. ಜಿಗ್‌ನ ನಕ್ಷೆ ಮತ್ತು ಅದರ ಪ್ರೋಗ್ರಾಂ ಕೊಡಬೇಡಿ ಅಂತಲೇ ನಾನು ಹೇಳುವುದು.